ಬಾಡಿಗೆ ಬೂಟು ಸಡಿಲವೂ ಹೌದು, ನೋವೂ ಹೌದು: ಸ್ವಂತ ಸ್ಕೀ ಬೂಟು ಆರಿಸುವುದು ಹೇಗೆ?

ಪ್ರಶ್ನೆ: ಮಂದಗತಿ

ಎಲ್ಲರಿಗೂ ನಮಸ್ಕಾರ. ವರ್ಷಕ್ಕೆ ಏಳೆಂಟು ದಿನ ಮಾತ್ರ ಹಿಮದ ಮೇಲೆ ಕಾಲಿಡುವ ಹವ್ಯಾಸಿ ನಾನು. ಇದು ಮೂರನೆಯ ಚಳಿಗಾಲ. ಸಾಧಾರಣ ಇಳಿಜಾರುಗಳಲ್ಲಿ ಎರಡೂ ಸ್ಕೀಗಳನ್ನು ಜೊತೆಜೊತೆಯಾಗಿ ಇಟ್ಟುಕೊಂಡು ತಿರುಗಬಲ್ಲೆ, ಕಡಿದಾದ ಕಡೆ ಇನ್ನೂ ಅಳುಕಿದೆ. ಇದುವರೆಗೆ ಎಲ್ಲ ಸಲಕರಣೆಯೂ ಬಾಡಿಗೆಯದೇ. ಸ್ಕೀಗಳ ಬಗ್ಗೆ ನನ್ನ ದೂರೇನೂ ಇಲ್ಲ, ಗೋಳೆಲ್ಲ ಬೂಟಿನದು.

ಮೊದಲ ವರ್ಷ ನಾನು ದಿನವೂ ತೊಡುವ ಶೂಗಳ ಅಳತೆ ಕೇಳಿ, ಗೋಡೆಯ ಮೇಲಿನ ಪಟ್ಟಿ ನೋಡಿ, 27.5 ಎಂದು ನಮೂದಿಸಿದ್ದ ಬೂಟು ಕೊಟ್ಟರು. ಎದ್ದು ನಿಂತ ಕೂಡಲೇ ಬೆರಳ ತುದಿ ಮುಂದಕ್ಕೆ ತಗುಲಿದ್ದರಿಂದ ನಾನೇ ಹಟ ಹಿಡಿದು 28.5 ತರಿಸಿಕೊಂಡೆ. ಅಂಗಡಿಯ ಬೆಂಚಿನ ಮೇಲೆ ಕುಳಿತಾಗ ಅದು ಹಾಯೆನಿಸಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಪ್ರತಿ ತಿರುವಿನಲ್ಲೂ ಹಿಮ್ಮಡಿ ಮೇಲೇಳತೊಡಗಿತು. ಬಕಲ್ ಬಿಗಿದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ, ಸಡಿಲಿಸಿದರೆ ಕಾಲು ಒಳಗೇ ಜಾರುತ್ತದೆ. ಮೂರು ವರ್ಷವೂ ಇದೇ ಕತೆ. ಈ ಸಲವಂತೂ ಎರಡೂ ಹೆಬ್ಬೆರಳುಗಳ ಉಗುರು ಕಪ್ಪಾಗಿದೆ, ಕೆಳಗಾಲಿನ ಮುಂಭಾಗದಲ್ಲಿ ಅಂಗೈಯಗಲ ನೀಲಿಗಟ್ಟಿದೆ.

ಆದ್ದರಿಂದ ಸ್ವಂತ ಬೂಟು ಕೊಳ್ಳಬೇಕೆಂದು ತೀರ್ಮಾನಿಸಿದ್ದೇನೆ. 28.5ರಲ್ಲೇ ಇಷ್ಟು ನೋವಿರುವಾಗ 29.5ಕ್ಕೆ ಹೋಗಬೇಕೇ? ಬೂಟು ಎಷ್ಟು ಗಡುಸು ಎಂಬುದಕ್ಕೆ ಫ್ಲೆಕ್ಸ್ 90, 100, 120 ಎಂದು ಬರೆದಿರುತ್ತಾರಲ್ಲ, ನನ್ನಂಥವನಿಗೆ ಯಾವುದು ಸಾಕು? ಅಗಲಕ್ಕೆ ಬೇರೆ ಲೆಕ್ಕವಿದೆ ಎನ್ನುತ್ತಾರೆ, ಅದೇನು? ಯಾರೋ ಬಳಸಿದ ಒಳ್ಳೆಯ ಜೋಡಿ ಸಿಕ್ಕರೆ ಕೊಳ್ಳಬಹುದೇ? ಬಾಡಿಗೆ ಬೂಟು ಇನ್ನೂ ನನ್ನ ಬಳಿಯೇ ಇದೆ, ನಾಡಿದ್ದು ಮರಳಿಸಬೇಕು. ಅದನ್ನಿಟ್ಟುಕೊಂಡು ಏನಾದರೂ ಪರೀಕ್ಷೆ ಮಾಡಲು ಸಾಧ್ಯವಿದ್ದರೆ ತಿಳಿಸಿ.

ಉತ್ತರ: ಹಿಮಪಥಿಕ

ಮಂದಗತಿ ಅವರೇ, ಹಿಮ್ಮಡಿ ಏಳುವುದು, ಪಾದ ಜೋಮು ಹಿಡಿಯುವುದು, ಉಗುರು ಕಪ್ಪಾಗುವುದು, ಕೆಳಗಾಲು ನೀಲಿಗಟ್ಟುವುದು, ಈ ನಾಲ್ಕೂ ಒಂದೇ ಬೇರಿನಿಂದ ಹುಟ್ಟಿದ ತೊಂದರೆಗಳೆಂದು ನನಗೆ ತೋರುತ್ತದೆ. ನಿಮ್ಮ ಬೂಟು ಚಿಕ್ಕದಲ್ಲ, ಬಹಳ ದೊಡ್ಡದು.

ಇದು ವಿಚಿತ್ರವೆನಿಸಬಹುದು, ಏಕೆಂದರೆ ನೋವು ಬಂದರೆ ಬೂಟು ಬಿಗಿಯಾಗಿದೆ ಎಂದುಕೊಳ್ಳುವುದು ನಮಗೆಲ್ಲ ರೂಢಿ. ಆದರೆ ಒಳಗೆ ನಡೆಯುವುದೇ ಬೇರೆ. ಗಟ್ಟಿ ಪ್ಲಾಸ್ಟಿಕ್ಕಿನ ಹೊರಕವಚ, ಅಂದರೆ ಶೆಲ್, ದೊಡ್ಡದಾದಾಗ ಹಿಮ್ಮಡಿಯ ಹಿಂದೆಯೂ ಗಿಣ್ಣಿನ ಸುತ್ತಲೂ ಖಾಲಿ ಜಾಗ ಉಳಿಯುತ್ತದೆ. ಆ ಜಾಗವನ್ನು ಬಕಲ್ ತುಂಬಲಾರದು. ಅದು ಮೇಲಿನಿಂದ ಕೆಳಕ್ಕೆ ಒತ್ತಬಲ್ಲದು, ಅಷ್ಟೇ. ಪಾದದ ಮೇಲ್ಭಾಗದಲ್ಲಿ ಮಾಂಸ ಕಡಿಮೆ, ನರ ಮತ್ತು ರಕ್ತನಾಳಗಳು ಚರ್ಮದ ಕೆಳಗೇ ಹಾದುಹೋಗುತ್ತವೆ. ಆದ್ದರಿಂದ ಹಿಮ್ಮಡಿಯನ್ನು ಹಿಡಿದಿಡಲು ನೀವು ಬಕಲ್ ಬಿಗಿದಷ್ಟೂ ಜೋಮು ಹೆಚ್ಚುತ್ತದೆಯೇ ಹೊರತು ಹಿಡಿತ ಬರುವುದಿಲ್ಲ. ತಾಳಲಾರದೆ ಸಡಿಲಿಸಿದಾಗ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಎದುರಿನ ಗೋಡೆಗೆ ಗುದ್ದುತ್ತದೆ. ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟುವುದು ಹೀಗೆ. ಕೆಳಗಾಲಿನ ವಿಷಯವೂ ಅಷ್ಟೇ. ಬೂಟಿನ ಮೇಲ್ಭಾಗ ಕಾಲಿಗೆ ಅಂಟಿಕೊಂಡಿದ್ದರೆ ಒತ್ತಡ ಉದ್ದಕ್ಕೂ ಹಂಚಿಹೋಗುತ್ತದೆ. ನಡುವೆ ಬೆರಳಗಲ ಜಾಗವಿದ್ದರೆ ಪ್ರತಿ ತಿರುವಿನಲ್ಲೂ ಎಲುಬು ಬೂಟಿನ ನಾಲಿಗೆಗೆ ಹೋಗಿ ಬಡಿಯುತ್ತದೆ. ದಿನವಿಡೀ ನೂರಾರು ಸಲ ಬಡಿದರೆ ನೀಲಿಗಟ್ಟದೆ ಇನ್ನೇನಾದೀತು?

ಮೊದಲ ವರ್ಷ ನಿಮಗೆ ಬೆರಳ ತುದಿ ತಗುಲಿದ್ದು ದೋಷವಾಗಿರಲಿಲ್ಲ. ಸರಿಯಾದ ಬೂಟಿನಲ್ಲಿ ನೆಟ್ಟಗೆ ನಿಂತಾಗ ಬೆರಳು ಮುಂದಿನ ಗೋಡೆಯನ್ನು ಮೆಲ್ಲಗೆ ಮುಟ್ಟಲೇಬೇಕು. ಬಕಲ್ ಹಾಕಿ, ಮೊಣಕಾಲು ಬಾಗಿಸಿ, ಕೆಳಗಾಲನ್ನು ನಾಲಿಗೆಗೆ ಒತ್ತಿದಾಗ ಹಿಮ್ಮಡಿ ಹಿಂದಿನ ಗುಳಿಯಲ್ಲಿ ಕೂತು ಬೆರಳುಗಳಿಗೆ ತಾನಾಗಿಯೇ ಜಾಗ ಸಿಗುತ್ತದೆ. ನಾವು ಸ್ಕೀ ಮಾಡುವುದು ಆ ಬಾಗಿದ ಭಂಗಿಯಲ್ಲಿ. ಆದ್ದರಿಂದ ಬೂಟನ್ನು ಆ ಭಂಗಿಯಲ್ಲೇ ಪರೀಕ್ಷಿಸಬೇಕು. ನೆಟ್ಟಗೆ ನಿಂತು ಕೊಡುವ ತೀರ್ಪಿಗೆ ಬೆಲೆಯಿಲ್ಲ.

ಈಗ ಅಳತೆ. ಸ್ಕೀ ಬೂಟಿನ ಅಳತೆಗೆ ಮಾಂಡೋಪಾಯಿಂಟ್ ಎಂಬ ಹೆಸರಿದ್ದರೂ ಅದು ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಹೇಳುವುದಷ್ಟೇ. ಗೋಡೆಗೆ ಹಿಮ್ಮಡಿ ತಾಗಿಸಿ, ಹಾಳೆಯ ಮೇಲೆ ಪೂರ್ತಿ ಭಾರ ಹಾಕಿ ನಿಂತು, ಅತಿ ಉದ್ದದ ಬೆರಳಿನ ತುದಿಗೆ ಗೆರೆ ಎಳೆಯಿರಿ. ಹಲವರಿಗೆ ಹೆಬ್ಬೆರಳಿಗಿಂತ ಅದರ ಪಕ್ಕದ ಬೆರಳೇ ಉದ್ದ. ಎರಡೂ ಪಾದಗಳನ್ನು ಅಳೆಯಿರಿ. ದಿನಬಳಕೆಯ ಶೂಗಳ ಅಂಕಿಯನ್ನು ಪಟ್ಟಿಯಲ್ಲಿ ಪರಿವರ್ತಿಸುವ ಕ್ರಮವನ್ನು ಮರೆತುಬಿಡಿ. ನಡೆಯಲೆಂದು ಕೊಳ್ಳುವ ಶೂಗಳಲ್ಲಿ ಬೆರಳ ಮುಂದೆ ಜಾಗ ಬಿಟ್ಟೇ ಕೊಂಡಿರುತ್ತೇವೆ, ಆ ಜಾಗವೂ ಲೆಕ್ಕಕ್ಕೆ ಸೇರಿ ಅಂಕಿ ಉಬ್ಬುತ್ತದೆ.

ಬಾಡಿಗೆ ಬೂಟು ಕೈಯಲ್ಲಿದೆ ಎಂದಿರಲ್ಲ, ಅದರ ಒಳಗಿನ ಮೆತ್ತನೆಯ ಲೈನರ್ ಹೊರಕ್ಕೆ ಎಳೆಯಿರಿ. ಬರೀ ಶೆಲ್ಲಿನೊಳಗೆ ತೆಳುವಾದ ಕಾಲುಚೀಲ ತೊಟ್ಟ ಪಾದವನ್ನಿಟ್ಟು, ಬೆರಳು ಮುಂದೆ ಮೆಲ್ಲಗೆ ತಾಗುವಷ್ಟು ಸರಿದು, ಮೊಣಕಾಲು ಬಾಗಿಸಿ, ಹಿಮ್ಮಡಿಗೂ ಹಿಂದಿನ ಗೋಡೆಗೂ ನಡುವೆ ಎಷ್ಟು ಅಂತರವಿದೆಯೆಂದು ನೋಡಿ. ಹವ್ಯಾಸಿಗಳಿಗೆ 15ರಿಂದ 20 ಮಿಲಿಮೀಟರ್ ಇದ್ದರೆ ಸರಿ. 25 ದಾಟಿದರೆ ಬೂಟು ದೊಡ್ಡದು. ನಿಮ್ಮ ಅಂಕಿಗಳನ್ನು ಇಲ್ಲಿ ಬರೆಯಿರಿ.

ಮಂದಗತಿ

ಹಿಮಪಥಿಕರಿಗೆ ಧನ್ಯವಾದ. ಲೈನರ್ ಹೊರಗೆಳೆಯಲು ಒಳ್ಳೆಯ ಗುದ್ದಾಟವೇ ನಡೆಯಿತು. ಪಾದದ ಉದ್ದ ಎಡಕ್ಕೆ 26.0, ಬಲಕ್ಕೆ 26.3 ಸೆಂ.ಮೀ. ಅತಿ ಅಗಲದ ಕಡೆ ಎರಡೂ 101ರಿಂದ 102 ಮಿ.ಮೀ. ಶೆಲ್ ಪರೀಕ್ಷೆಯಲ್ಲಿ ಹಿಮ್ಮಡಿಯ ಹಿಂದೆ ತೋರುಬೆರಳು, ನಡುಬೆರಳು ಎರಡೂ ಒಂದರ ಹಿಂದೊಂದು ಇಳಿದು ಇನ್ನೂ ಆಡುತ್ತಿದ್ದವು. ಒಂದು ಕಡ್ಡಿಯನ್ನು ಅಡ್ಡಲಾಗಿ ತೂರಿಸಿ, ಗುರುತು ಮಾಡಿ ಅಳೆದೆ: 36 ಮಿ.ಮೀ.!

ಹಾಗಾದರೆ ನಾನು ಕೊಳ್ಳಬೇಕಾದದ್ದು 26.5 ಎಂದಾಯಿತು. 28.5ರಲ್ಲಿ ಅಳುತ್ತಿದ್ದವನು 26.5ರಲ್ಲಿ ನಗುತ್ತೇನೆಂದು ನಂಬಲು ಮನಸ್ಸು ಒಪ್ಪುತ್ತಿಲ್ಲ. 26, 26.5 ಎರಡೂ ಸಿಗುತ್ತವೆಯಲ್ಲ, ಆ ಅರ್ಧದಲ್ಲಿ ಹೇಗೆ ಆರಿಸುವುದು?

ಉತ್ತರ: ಹಳೇಬೂಟು

ಇಲ್ಲಿ ಎಲ್ಲರೂ ಚಿಕ್ಕ ಬೂಟಿನ ಭಜನೆ ಮಾಡುವುದರಿಂದ ಇನ್ನೊಂದು ಮಾತು ಹೇಳಲೇಬೇಕಾಗಿದೆ. ಇಪ್ಪತ್ತು ವರ್ಷಗಳ ಹಿಂದೆ ನಾನು ಇಂಥದೇ ಬುದ್ಧಿಮಾತು ಕೇಳಿ, ಪಂದ್ಯಾಟದವರು ಹಾಕುವಂಥ ಇಕ್ಕಟ್ಟಾದ, ಫ್ಲೆಕ್ಸ್ 130ರ ಬೂಟು ಕೊಂಡೆ. ಶೆಲ್ಲಿನಲ್ಲಿ ಹಿಮ್ಮಡಿಯ ಹಿಂದೆ 10 ಮಿ.ಮೀ. ಕೂಡ ಇರಲಿಲ್ಲ. ಪ್ರತಿ ಇಳಿತದ ಕೊನೆಗೆ ಬಕಲ್ ಬಿಚ್ಚಿ ಕಣ್ಣೀರು ಒರೆಸಿಕೊಳ್ಳುತ್ತಿದ್ದೆ. ಪಂದ್ಯಾಳು ಎರಡು ನಿಮಿಷ ಇಳಿದು ಬೂಟು ಸಡಿಲಿಸುತ್ತಾನೆ, ನಾವು ಬೆಳಗ್ಗೆಯಿಂದ ಸಂಜೆಯವರೆಗೆ ಅದರಲ್ಲೇ ಇರುತ್ತೇವೆ. ವರ್ಷಕ್ಕೆ ಏಳು ದಿನ ಸ್ಕೀ ಮಾಡುವವರು 27.5 ಕೊಂಡು, ದಪ್ಪ ಉಣ್ಣೆಯ ಕಾಲುಚೀಲ ಹಾಕಿ ಬೆಚ್ಚಗಿರಲಿ ಎಂಬುದು ನನ್ನ ಅಭಿಪ್ರಾಯ. ಹೇಗೂ ಹೊಸ ಬೂಟು ಮೊದಲು ಕಚ್ಚುತ್ತದೆ, ಹಾಕುತ್ತ ಹಾಕುತ್ತ ಸಡಿಲವಾಗುತ್ತದೆ.

ಉತ್ತರ: ಅಳತೆಗೋಲು

ಹಲವು ಚಳಿಗಾಲ ಬೂಟು ಫಿಟ್ಟರ್ ಆಗಿ ಕೆಲಸ ಮಾಡಿದವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹಳೇಬೂಟು ಅವರ ಮಾತಿನಲ್ಲಿ ಅರ್ಧ ನಿಜವಿದೆ. 10 ಮಿ.ಮೀ. ಅಂತರದ ಶೆಲ್ಲು, 130ರ ಫ್ಲೆಕ್ಸು ಹವ್ಯಾಸಿಯ ಪಾಲಿಗೆ ಶಿಕ್ಷೆಯೇ ಸರಿ. ಆದರೆ ಅದಕ್ಕೆ ಪರಿಹಾರ ಒಂದು ಅಳತೆ ಮೇಲಕ್ಕೆ ಹೋಗಿ ದಪ್ಪ ಕಾಲುಚೀಲ ತುರುಕುವುದಲ್ಲ. ದಪ್ಪ ಉಣ್ಣೆ ಬೂಟಿನೊಳಗೆ ಮಡಚಿಕೊಂಡು ಕಚ್ಚುತ್ತದೆ, ಒದ್ದೆಯಾಗುತ್ತದೆ, ರಕ್ತ ಸಂಚಾರವನ್ನು ಒತ್ತಿ ಹಿಡಿದು ಕಾಲನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ. ಬೆಚ್ಚಗಿಡುವುದು ಲೈನರ್‌ನ ಕೆಲಸ. ಮೊಣಕಾಲವರೆಗೆ ಬರುವ ಒಂದೇ ಒಂದು ತೆಳುವಾದ ಕಾಲುಚೀಲ ಸಾಕು. ಚಳಿಗೆಂದು ಒಳಗೆ ತೊಡುವ ಉದ್ದ ಚಡ್ಡಿಯ ಅಂಚು ಕೂಡ ಬೂಟಿನೊಳಕ್ಕೆ ಹೋಗಬಾರದು, ಮೇಲಕ್ಕೆ ಎಳೆದುಕೊಳ್ಳಬೇಕು. ಕೆಳಗಾಲಿನ ನೋವೆಂದು ಬರುವವರಲ್ಲಿ ಹಲವರ ಕಾಲಿನ ಮೇಲೆ ಆ ಚಡ್ಡಿಯ ಹೊಲಿಗೆಯ ಗುರುತೇ ಅಚ್ಚೊತ್ತಿರುವುದನ್ನು ನೋಡಿದ್ದೇನೆ.

ಸಡಿಲವಾಗುತ್ತದೆ ಎಂಬುದು ಚರ್ಮದ ಬೂಟಿನ ಕಾಲದ ನಂಬಿಕೆ. 1960ರ ದಶಕದಲ್ಲಿ ಬಾಬ್ ಲ್ಯಾಂಗೆ ಪ್ಲಾಸ್ಟಿಕ್ ಬೂಟುಗಳನ್ನು ಮಾರುಕಟ್ಟೆಗೆ ತಂದ ಮೇಲೆ ಆ ಲೆಕ್ಕ ಬದಲಾಯಿತು. ಶೆಲ್ ಹಿಗ್ಗುವುದಿಲ್ಲ. ಹತ್ತು ಹದಿನೈದು ದಿನ ಬಳಸಿದ ಮೇಲೆ ಒತ್ತಿಕೊಂಡು ತೆಳುವಾಗುವುದು ಲೈನರ್ ಮಾತ್ರ. ಇದರಿಂದ ಎರಡು ಸಂಗತಿ ಹೊರಡುತ್ತವೆ. ಹೊಸದರಲ್ಲಿ ಎಲ್ಲ ಕಡೆಯಿಂದಲೂ ಸಮನಾಗಿ ಹಿಡಿದಂತಿರುವ ಬಿಗುವು ಮುಂದೆ ಹದಕ್ಕೆ ಬರುತ್ತದೆ. ಹೊಸದರಲ್ಲೇ ಹಾಯೆನಿಸಿದ ಬೂಟು ಮುಂದೆ ಸಡಿಲವಾಗಿಯೇ ತೀರುತ್ತದೆ. ಆದರೆ ಒಂದೇ ಚುಕ್ಕೆಯಲ್ಲಿ ಎಲುಬಿಗೆ ತಾಗುವ ಚುಚ್ಚು ನೋವು ಲೈನರ್ ತೆಳುವಾದಂತೆ ಹೆಚ್ಚಬಹುದೇ ಹೊರತು ಮಾಯವಾಗುವುದಿಲ್ಲ, ಏಕೆಂದರೆ ಅಲ್ಲಿ ತಡೆಯುತ್ತಿರುವುದು ಶೆಲ್. ಅದಕ್ಕೆ ಫಿಟ್ಟರ್ ಕೈಯೇ ಬೇಕು.

26 ಮತ್ತು 26.5ರ ಪ್ರಶ್ನೆಗೆ ಉತ್ತರ ಸುಲಭ. ಬಹುತೇಕ ತಯಾರಕರಲ್ಲಿ ಎರಡಕ್ಕೂ ಶೆಲ್ ಒಂದೇ. ಅರ್ಧದ ವ್ಯತ್ಯಾಸ ಒಳಗಿನ ಇನ್‌ಸೋಲ್ ಅಥವಾ ಲೈನರ್‌ನ ದಪ್ಪದಲ್ಲಿ ಮಾತ್ರ. ಹಾಗಾಗಿ ಆ ಅರ್ಧದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ 26.5ರಿಂದ 27ಕ್ಕೆ ಹೋದಿರೋ, ನೋಡಲು ಅರ್ಧವೇ ಆದರೂ ಶೆಲ್ಲೇ ಬದಲಾಗಿರುತ್ತದೆ. ನಿಮ್ಮ ಪಾದಕ್ಕೆ 26ರ ಶೆಲ್ಲಿನಿಂದಲೇ ಆರಂಭಿಸಿ.

ಅಗಲದ ವಿಷಯಕ್ಕೆ ಬರುತ್ತೇನೆ. ಬೂಟಿನ ವಿವರದಲ್ಲಿ ಲಾಸ್ಟ್ ಎಂದು ಕೊಡುವ ಅಂಕಿ ಪಾದದ ಮುಂಭಾಗ ಕೂರುವ ಕಡೆ ಒಳಗಿನ ಅಗಲ. ಸಾಮಾನ್ಯವಾಗಿ 26.5ರ ಬೂಟನ್ನು ಆಧಾರವಾಗಿಟ್ಟು ಅದನ್ನು ಹೇಳುತ್ತಾರೆ, ಚಿಕ್ಕ ಬೂಟಿನಲ್ಲಿ ಅದು ಕಡಿಮೆ, ದೊಡ್ಡದರಲ್ಲಿ ಹೆಚ್ಚು. 97–98 ಕಿರಿದು, 99–100 ಮಧ್ಯಮ, 102 ಮತ್ತು ಮೇಲ್ಪಟ್ಟದ್ದು ಅಗಲ. ನಿಮ್ಮ ಪಾದ 102 ಇದೆಯೆಂದು ಕಣ್ಣು ಮುಚ್ಚಿ 102ರ ಬೂಟಿಗೆ ಕೈ ಹಾಕಬೇಡಿ. ಭಾರ ಹಾಕಿ ನಿಂತಾಗ ಪಾದ ಹರಡಿಕೊಳ್ಳುತ್ತದೆ, ಒಳ್ಳೆಯ ಇನ್‌ಸೋಲ್ ಅಂಗಾಲಿನ ಕಮಾನಿಗೆ ಆಸರೆ ಕೊಟ್ಟರೆ ಆ ಹರಡುವಿಕೆ ತಗ್ಗುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಮುಂಭಾಗ ಅಗಲವಾಗಿರುವ ಬೂಟು ಸಾಮಾನ್ಯವಾಗಿ ಹಿಮ್ಮಡಿಯ ಕಡೆಗೂ, ಪಾದದ ಎತ್ತರದಲ್ಲೂ ಧಾರಾಳವಾಗಿರುತ್ತದೆ. ಶೆಲ್ಲನ್ನು ಬಿಸಿ ಮಾಡಿ ಒಂದೆಡೆ ಹೊರಕ್ಕೆ ಉಬ್ಬಿಸುವುದು ನಮಗೆ ದಿನನಿತ್ಯದ ಕೆಲಸ. ಇದನ್ನು ಪಂಚ್ ಮಾಡುವುದು ಎನ್ನುತ್ತೇವೆ. ಸಡಿಲವಾದ ಹಿಮ್ಮಡಿಯನ್ನು ಬಿಗಿ ಮಾಡಲು ಮಾತ್ರ ಅಂಥ ನೇರ ಉಪಾಯವಿಲ್ಲ, ಫೋಮ್ ತುಂಡು ಅಂಟಿಸಿ ಒದ್ದಾಡಬೇಕಾಗುತ್ತದೆ. ಆದ್ದರಿಂದ ಹಿಮ್ಮಡಿಯನ್ನು ಹಿಡಿಯುವ ಬೂಟು ಕೊಳ್ಳಿ, ಮುಂಭಾಗವನ್ನು ಬೇಕಾದಷ್ಟು ಅಗಲಿಸಿಕೊಳ್ಳಿ.

ಉದ್ದ, ಅಗಲ ಎರಡೂ ಸರಿಯಿದ್ದು ಹತ್ತೇ ನಿಮಿಷದಲ್ಲಿ ಪಾದ ಜೋಮು ಹಿಡಿದರೆ ಎತ್ತರವನ್ನು ಸಂಶಯಿಸಬೇಕು. ಪಾದದ ಮೇಲ್ಭಾಗ ಉಬ್ಬಿರುವವರಿಗೆ ಅಗಲದ ಬೂಟೂ ಇಕ್ಕಟ್ಟೆನಿಸುತ್ತದೆ. ಅಂಥವರಿಗೆ ಲೈನರ್‌ನ ಕೆಳಗಿರುವ ಬೂಟ್‌ಬೋರ್ಡ್ ಎಂಬ ಗಟ್ಟಿ ಹಲಗೆಯನ್ನು ಉಜ್ಜಿ ತೆಳುವಾಗಿಸಿದರೆ ಕೆಲವು ಮಿಲಿಮೀಟರ್ ಜಾಗ ಸಿಗುತ್ತದೆ. ಮೀನಖಂಡ ದಪ್ಪವಾಗಿದ್ದರೆ, ವಿಶೇಷವಾಗಿ ಹೆಂಗಸರಲ್ಲಿ ಆ ಸ್ನಾಯು ಕೆಳಗಿನವರೆಗೂ ಇಳಿದಿರುವುದರಿಂದ, ಬೂಟಿನ ಮೇಲ್ತುದಿ ಅದನ್ನು ಹಿಂಡುತ್ತದೆ. ತಗ್ಗಾದ, ಬಾಯಿ ಅಗಲವಾದ ಮೇಲ್ಭಾಗವಿರುವ ಬೂಟು ನೋಡಬೇಕು. ಇನ್ನು ಗಿಣ್ಣು ಎಷ್ಟು ಬಾಗುತ್ತದೆ ಎಂಬುದು ಬಹಳ ಮುಖ್ಯ, ಆದರೂ ಯಾರೂ ಕೇಳುವುದಿಲ್ಲ. ಬರಿಗಾಲಿನಲ್ಲಿ ಹಿಮ್ಮಡಿ ನೆಲಕ್ಕೂರಿ ಕುಕ್ಕುರುಗಾಲಿನಲ್ಲಿ ಕೂರಿ. ಹಿಮ್ಮಡಿ ತಾನಾಗಿ ಮೇಲೇಳುವಷ್ಟು ಗಿಣ್ಣು ಬಿಗಿಯಾಗಿದ್ದರೆ, ಬೂಟಿನಲ್ಲೂ ಅದು ಏಳಲು ಹವಣಿಸುತ್ತದೆ. ಆಗ ಹಿಮ್ಮಡಿಯ ಕೆಳಗೆ ಸಣ್ಣ ಬೆಣೆ ಇಟ್ಟರೆ ಎಷ್ಟೋ ಸಲ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಫ್ಲೆಕ್ಸ್ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಅದಕ್ಕೆ ಸಿಗುತ್ತಿರುವ ಮರ್ಯಾದೆಯೇ ಅತಿಯಾಯಿತು. ಮುಂದಕ್ಕೆ ಬಾಗಲು ಬೂಟು ಒಡ್ಡುವ ಪ್ರತಿರೋಧವೇ ಫ್ಲೆಕ್ಸ್. ಅದಕ್ಕೆ ಎಲ್ಲ ತಯಾರಕರಿಗೂ ಅನ್ವಯಿಸುವ ಒಂದೇ ಮಾನದಂಡವಿಲ್ಲ. ಒಬ್ಬರ 100 ಇನ್ನೊಬ್ಬರ 90ರಷ್ಟು ಮೆತ್ತಗಿರಬಹುದು. ಮೇಲಾಗಿ ಪಾಲಿಯುರೆಥೇನ್ ಪ್ಲಾಸ್ಟಿಕ್ ಚಳಿಗೆ ಗಡುಸಾಗುತ್ತದೆ, ಬೆಚ್ಚನೆಯ ಕೋಣೆಯಲ್ಲಿ ಸಲೀಸಾಗಿ ಬಾಗಿದ ಬೂಟು ಸೊನ್ನೆಗಿಂತ 10 ಡಿಗ್ರಿ ಕೆಳಗೆ ಮೊಂಡಾಗುತ್ತದೆ. ಸಾಧಾರಣ ತೂಕದ ಹವ್ಯಾಸಿ ಗಂಡಸರಿಗೆ 80ರಿಂದ 100, ಹೆಂಗಸರಿಗೆ 65ರಿಂದ 85 ಎಂದು ಆರಂಭಿಸಬಹುದು, ಎತ್ತರ ಮತ್ತು ತೂಕ ಹೆಚ್ಚಿದ್ದರೆ ಸ್ವಲ್ಪ ಮೇಲಕ್ಕೆ. ಬೂಟು ತೀರಾ ಗಡುಸಾದರೆ ಬಾಗಲಾರದೆ ದೇಹದ ಭಾರ ಹಿಂದಕ್ಕೆ ಬೀಳುತ್ತದೆ, ಸ್ಕೀಯ ಮುಂಭಾಗ ಮಾತು ಕೇಳುವುದಿಲ್ಲ. ತೀರಾ ಮೆತ್ತಗಿದ್ದರೆ ಉಬ್ಬುತಗ್ಗಿನಲ್ಲಿ ಬೂಟು ಕುಸಿದು ನೀವು ಮುಂದಕ್ಕೆ ಮುಗ್ಗರಿಸುತ್ತೀರಿ. ಅಂಕಿಯನ್ನು ನೋಡುವ ಬದಲು ಬಕಲ್ ಹಾಕಿ ಬಾಗಿ ನೋಡಿ. ಮೊಣಕಾಲು ಬೆರಳ ತುದಿಯಿಂದ ಸ್ವಲ್ಪ ಮುಂದಕ್ಕೆ, ತಡೆಯುತ್ತಲೇ ಆದರೂ ಹೋಗುವಂತಿರಬೇಕು.

ಬಳಸಿದ ಬೂಟು ಬೇಡ. ಅದರ ಲೈನರ್ ಬೇರೆಯವರ ಪಾದದ ಆಕಾರಕ್ಕೆ ಒತ್ತಿಕೊಂಡಿರುತ್ತದೆ. ಪ್ಲಾಸ್ಟಿಕ್ ಬಳಸದೆ ಇಟ್ಟರೂ ಮುದಿಯಾಗುತ್ತದೆ. ಹಲವು ವರ್ಷ ಮೂಲೆಯಲ್ಲಿದ್ದ ಶೆಲ್ ನೋಡಲು ಹೊಸದರಂತಿದ್ದು, ಇಳಿಜಾರಿನಲ್ಲಿ ಹೋಳಾದ ಪ್ರಸಂಗಗಳುಂಟು. ಅಟ್ಟೆಯ ತುದಿಗಳು ಸವೆದಿದ್ದರೆ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಬಿದ್ದಾಗ ಕಾಲನ್ನು ಬಿಡಬೇಕಾದಲ್ಲಿ ಬಿಡದೇ ಹೋಗಬಹುದು. ಸ್ಕೀ ಬೇಕಿದ್ದರೆ ಹಳೆಯದು ಕೊಳ್ಳಿ, ಬಾಡಿಗೆಗೆ ತನ್ನಿ, ಬೂಟು ಮಾತ್ರ ಹೊಸದಾಗಿರಲಿ.

ಉತ್ತರ: ಹಳೇಬೂಟು

ಚರ್ಮದ ಬೂಟಿನ ಕಾಲದವನೆಂದು ಹೇಳಿ ನನ್ನ ವಯಸ್ಸನ್ನೂ ಬಯಲು ಮಾಡಿದಿರಿ! ಕಾಲುಚೀಲದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಮಂದಗತಿ ಅವರು ಅಂಗಡಿಯಲ್ಲಿ ನಾಚಿಕೊಳ್ಳದೆ ಅರ್ಧ ಗಂಟೆ ಬೂಟು ಹಾಕಿಕೊಂಡೇ ಕೂತಿರಲಿ. ನಾನು ಐದು ನಿಮಿಷದಲ್ಲಿ ತೀರ್ಮಾನಿಸಿ ಎದ್ದುಬಂದದ್ದೇ ಆಗಿನ ತಪ್ಪು. ನೋವಿನ ಬಗೆ ಹೊರಬೀಳಲು ಇಪ್ಪತ್ತು ನಿಮಿಷವಾದರೂ ಬೇಕು.

ಮಂದಗತಿ

ಮೂರು ವಾರಗಳ ನಂತರ ವರದಿ ಒಪ್ಪಿಸುತ್ತಿದ್ದೇನೆ. ಒಬ್ಬ ಫಿಟ್ಟರ್ ಬಳಿ ಹೋಗಿ ಮೂರು ಜೋಡಿ ಹಾಕಿ ನೋಡಿದೆ. ಅವರು ಬೂಟು ತರುವ ಮುನ್ನ ನನ್ನನ್ನು ಬರಿಗಾಲಲ್ಲಿ ನಿಲ್ಲಿಸಿ, ಕೂರಿಸಿ, ಕುಕ್ಕುರುಗಾಲಲ್ಲಿ ಕೂರಿಸಿ ನೋಡಿದಾಗಲೇ ಅಳತೆಗೋಲು ಅವರ ಮಾತು ನೆನಪಾಗಿ ಧೈರ್ಯ ಬಂತು. ಮೊದಲನೆಯದು 102 ಅಗಲದ್ದು, ಬೆಕ್ಕಿನ ಮರಿಯಂತೆ ಮೆತ್ತಗಿತ್ತು. ಆದರೆ ಬಾಗಿ ಹಿಮ್ಮಡಿ ಎತ್ತಲು ಹೇಳಿದಾಗ ಸಲೀಸಾಗಿ ಎದ್ದುಬಿಟ್ಟಿತು. ಎರಡನೆಯದು 98ರದ್ದು, ಎರಡು ನಿಮಿಷಕ್ಕೆ ಕಿರುಬೆರಳು ಉರಿಯತೊಡಗಿತು. ಮೂರನೆಯದು 100 ಅಗಲ, ಫ್ಲೆಕ್ಸ್ 90, ಅಳತೆ 26.5. ಶೆಲ್ ಪರೀಕ್ಷೆಯಲ್ಲಿ ಬಲಗಾಲಿಗೆ 16 ಮಿ.ಮೀ. ಬಂತು. ನಿಂತಾಗ ಬೆರಳು ಮುಟ್ಟಿತು, ಬಾಗಿದಾಗ ಬಿಟ್ಟಿತು, ಹಿಮ್ಮಡಿಯನ್ನು ಯಾರೋ ಮುಷ್ಟಿಯಲ್ಲಿ ಹಿಡಿದಂತಿತ್ತು. ಲೈನರ್ ಬಿಸಿ ಮಾಡಿ ಕಾಲಿಗೆ ಹೊಂದಿಸಿದರು, ಕಿರುಬೆರಳ ಬುಡದಲ್ಲಿ ಎರಡೂ ಶೆಲ್ಲುಗಳನ್ನು ಸ್ವಲ್ಪ ಉಬ್ಬಿಸಿದರು, ಕಮಾನಿಗೆ ಆಸರೆ ಕೊಡುವ ಇನ್‌ಸೋಲ್ ಹಾಕಿದರು.

ಈಗ ಮನೆಯಲ್ಲಿ ದಿನಕ್ಕೊಂದು ಗಂಟೆ ಬೂಟು ತೊಟ್ಟು ಓಡಾಡುತ್ತಿದ್ದೇನೆ, ನೋಡಿದವರು ನಗುತ್ತಾರೆ. ಪಾದದ ಜೋಮು ಪೂರ್ತಿ ಹೋಗಿದೆ. ಆದರೆ ಬಲಗಾಲಿನ ಒಳಗಿಣ್ಣಿನ ಮೂಳೆಗೆ ಸುಮಾರು ನಲವತ್ತು ನಿಮಿಷದ ನಂತರ ಒಂದೇ ಕಡೆ ಚುಚ್ಚಿದಂತಾಗುತ್ತದೆ, ಬೂಟು ಬಿಚ್ಚಿದ ಮೇಲೂ ಗಂಟೆಗಟ್ಟಲೆ ಕೆಂಪಾಗಿಯೇ ಇರುತ್ತದೆ. ಬಕಲ್ ಹಾಕುವ ಕ್ರಮದಲ್ಲೇ ತಪ್ಪಿದೆಯೋ ಎಂಬ ಸಂಶಯವೂ ಇದೆ. ಹಳೆಯ ಸ್ಕೀ ಜೋಡಿಯೊಂದು ಸ್ನೇಹಿತರಿಂದ ಬಂದಿದೆ, ಈ ಬೂಟು ಅದರ ಬೈಂಡಿಂಗಿಗೆ ನೇರವಾಗಿ ಕೂರುತ್ತದೆಯೇ?

ಉತ್ತರ: ಹಿಮಪಥಿಕ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಮೊಣಕಾಲಿನ ಪ್ರಶ್ನೆ. ನೇರವಾಗಿ ಕೂರಿಸಬೇಡಿ. ಬೂಟಿನ ಹಿಮ್ಮಡಿಯ ಪಕ್ಕದಲ್ಲಿ ಅಟ್ಟೆಯ ಉದ್ದ ಮಿಲಿಮೀಟರಿನಲ್ಲಿ ಕೆತ್ತಿರುತ್ತದೆ. ಬೂಟು ಬದಲಾದಾಗ ಬೈಂಡಿಂಗನ್ನು ಆ ಉದ್ದಕ್ಕೆ ಸರಿಸಿ, ಅದು ಯಾವ ಬಲಕ್ಕೆ ಕಾಲನ್ನು ಬಿಡುಗಡೆ ಮಾಡಬೇಕೆಂಬುದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಸ್ಕೀ ಮಾಡುವ ಬಗೆ ಮತ್ತು ಅಟ್ಟೆಯ ಉದ್ದ ನೋಡಿ ಮತ್ತೆ ನಿಗದಿ ಮಾಡಬೇಕು. ಅಟ್ಟೆಯ ಬಗೆಯೂ ಹೊಂದಬೇಕು. ಹಳೆಯ ಚಪ್ಪಟೆ ಅಟ್ಟೆ ಐಎಸ್‌ಒ 5355 ಮಾನದಂಡದ್ದು. ನಡೆಯಲು ಅನುಕೂಲವಾಗುವಂತೆ ಸ್ವಲ್ಪ ಬಾಗಿದ ರಬ್ಬರಿನ ಗ್ರಿಪ್‌ವಾಕ್ ಅಟ್ಟೆ ಐಎಸ್‌ಒ 23223ರದ್ದು. ಈಗಿನ ಹವ್ಯಾಸಿ ಬೂಟುಗಳಲ್ಲಿ ಎರಡನೆಯದೇ ಹೆಚ್ಚು, ಆದರೆ ಹಳೆಯ ಬೈಂಡಿಂಗುಗಳೆಲ್ಲ ಅದನ್ನು ಒಪ್ಪುವುದಿಲ್ಲ. ಬೈಂಡಿಂಗಿನ ಮೇಲೆ ಗ್ರಿಪ್‌ವಾಕ್ ಗುರುತಿದೆಯೇ ನೋಡಿ. ಸ್ಕ್ರೂಡ್ರೈವರ್ ಹಿಡಿದು ನೀವೇ ಕೂರಬೇಡಿ, ಬೂಟು ಮತ್ತು ಸ್ಕೀ ಎರಡನ್ನೂ ತಂತ್ರಜ್ಞರ ಕೈಗೆ ಕೊಡಿ.

ಉತ್ತರ: ಅಳತೆಗೋಲು

ಬೈಂಡಿಂಗ್ ಬಗ್ಗೆ ಹಿಮಪಥಿಕರು ಹೇಳಿದ್ದಕ್ಕೆ ನನ್ನದೂ ಒತ್ತು ಇದೆ. ಬಕಲ್ ಹಾಕುವ ಕ್ರಮ ಹೀಗೆ. ಪಾದ ತೂರಿಸಿದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಿನ ಗುಳಿಯಲ್ಲಿ ಕೂರಿಸಿ. ಮೊದಲು ಗಿಣ್ಣಿನ ಎದುರಿಗಿರುವ, ಅಂದರೆ ಕೆಳಗಿನಿಂದ ಎರಡನೆಯ ಬಕಲನ್ನು ಹಗುರವಾಗಿ ಹಾಕಿ, ಏಕೆಂದರೆ ಹಿಮ್ಮಡಿಯನ್ನು ಹಿಡಿದಿಡುವುದು ಅದೇ. ಆಮೇಲೆ ಮೇಲಿನ ಎರಡು. ನಾಲ್ಕೈದು ಸಲ ಚೆನ್ನಾಗಿ ಮುಂದಕ್ಕೆ ಬಾಗಿ. ಹಿಮ್ಮಡಿ ಇನ್ನಷ್ಟು ಹಿಂದಕ್ಕೆ ಸರಿದು ಎಲ್ಲ ಬಕಲ್‌ಗಳೂ ತುಸು ಸಡಿಲವಾಗುತ್ತವೆ, ಆಗ ಒಂದೊಂದು ಹಲ್ಲು ಮುಂದಕ್ಕೆ ಹಾಕಿ. ಮೇಲಿನ ಅಗಲವಾದ ಪಟ್ಟಿಯನ್ನು ಬಿಗಿಯಾಗಿ ಎಳೆಯಿರಿ. ಬೆರಳುಗಳ ಮೇಲಿನ ಬಕಲ್ ಎಲ್ಲಕ್ಕಿಂತ ಕೊನೆಗೆ, ಅದೂ ಕಳಚಿ ಬೀಳದಷ್ಟು ಮಾತ್ರ. ಹಲ್ಲಿನಿಂದ ಹಲ್ಲಿಗೆ ಬಿಗುವು ತೀರಾ ಹೆಚ್ಚಿತೆನಿಸಿದರೆ ಬಕಲಿನ ಕಡ್ಡಿಯನ್ನೇ ತಿರುಗಿಸಿ ನೋಡಿ, ತಿರುಪಿನಂತೆ ಅದು ಸ್ವಲ್ಪಸ್ವಲ್ಪವೇ ಉದ್ದ ಗಿಡ್ಡ ಆಗುತ್ತದೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಕಳೆದವರಿದ್ದಾರೆ.

ಒಳಗಿಣ್ಣಿನ ನೋವು ಬಕಲಿನಿಂದ ಬಂದದ್ದಲ್ಲ. ಬೂಟು ಬಿಚ್ಚಿದ ಹತ್ತು ಹದಿನೈದು ನಿಮಿಷದಲ್ಲಿ ಮಾಸುವ ಕೆಂಪಿಗೆ ಹೆದರಬೇಕಿಲ್ಲ, ಆದರೆ ಗಂಟೆಗಟ್ಟಲೆ ಉಳಿಯುವುದು, ಅದೂ ಎಲುಬಿನ ಮೇಲೆ, ಶೆಲ್ ತಾಗುತ್ತಿರುವ ಲಕ್ಷಣ. ಭಾರ ಹಾಕಿದಾಗ ಬಲಪಾದ ಒಳಕ್ಕೆ ವಾಲುತ್ತಿರಬಹುದು. ಬರಿಗಾಲಲ್ಲಿ ಕನ್ನಡಿಯ ಮುಂದೆ ನಿಂತು ನೋಡಿ. ಹಾಗಿದ್ದರೆ ಇನ್‌ಸೋಲಿನ ಆಸರೆಯನ್ನು ಸ್ವಲ್ಪ ಹೆಚ್ಚಿಸಿದರೂ ಸಾಕಾಗಬಹುದು. ಅದನ್ನು ಫಿಟ್ಟರ್ ನೋಡಿ ನಿರ್ಧರಿಸಲಿ.

ಅಲ್ಲಿಗೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ಲೈನರ್ ಹೊರತೆಗೆದು ಅದನ್ನಷ್ಟೇ ಕಾಲಿಗೆ ತೊಟ್ಟು, ಹೊರಗಿನಿಂದ ಹೆಬ್ಬೆರಳಿನಿಂದ ಒತ್ತುತ್ತ ನೋವಿನ ಮೂಳೆ ಎಲ್ಲಿದೆಯೆಂದು ಹುಡುಕಿ. ಆ ಜಾಗದಲ್ಲಿ, ಲೈನರ್‌ನ ಹೊರಮೈಗೆ, ಲಿಪ್‌ಸ್ಟಿಕ್ ದಪ್ಪವಾಗಿ ಹಚ್ಚಿ. ಲೈನರ್ ತೊಟ್ಟ ಕಾಲನ್ನೇ ಶೆಲ್ಲಿನೊಳಗೆ ಇಳಿಸಿ, ಬಕಲ್ ಹಾಕಿ, ಎರಡು ಸಲ ಬಾಗಿ, ಬಿಚ್ಚಿ. ಶೆಲ್ಲಿನ ಒಳಗೋಡೆಯ ಮೇಲೆ ಬಣ್ಣ ಮೂಡಿರುತ್ತದೆ. ಅದನ್ನು ಒರೆಸದೆ ಹಾಗೆಯೇ ಕೊಂಡೊಯ್ಯಿರಿ. ಬಿಸಿ ಮಾಡಿದ ಶೆಲ್ಲಿನಲ್ಲಿ ಯಂತ್ರದ ಗುಂಡು ಎಲ್ಲಿಗೆ ಒತ್ತಬೇಕೆಂಬುದನ್ನು ಫಿಟ್ಟರ್ ಆ ಕಲೆ ನೋಡಿಯೇ ಗುರುತಿಸುತ್ತಾರೆ.